ಅಡಿಯ ಲೆಕ್ಕ, ನಡುಕದ ಲೆಕ್ಕ

ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವವರಿಗೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಎದುರಾಗುತ್ತವೆ. ಪಾವಗಡದ ಬೆಟ್ಟದ ಕೋಟೆ, ಕೊರಟಗೆರೆ ಸೀಮೆಯ ಚನ್ನರಾಯನದುರ್ಗ, ಶಿರಾದ ಮೊಗಲರ ಕಾಲದ ಕಟ್ಟಡಗಳು ಎಲ್ಲವೂ ಕಲ್ಲಿನ ಚರಿತ್ರೆಯೇ. ಪಾಳೇಗಾರರ, ಸುಬೇದಾರರ ಹೆಸರುಗಳು ಉಳಿದಿವೆ. ಉಳಿ ಹಿಡಿದ ಕೈಗಳಿಗೆ ಏನಾಯಿತೆಂಬುದು ಪುಸ್ತಕಗಳಲ್ಲಿ ಸಿಗುವುದಿಲ್ಲ.

ಉಳಿ ಸುತ್ತಿಗೆಯ ಕೆಲಸದಲ್ಲಿ ಪೆಟ್ಟಿನ ವೇಗ ಕಲ್ಲುಕುಟಿಗನ ಉಸಿರಿನ ವೇಗ. ಗಾಳಿಯ ಒತ್ತಡದಿಂದ ಓಡುವ ಡ್ರಿಲ್ಲು ಬಂದ ಮೇಲೆ ನಿಮಿಷಕ್ಕೆ ಸಾವಿರಾರು ಪೆಟ್ಟು. ತಣ್ಣಗಾದಾಗ ಬೆರಳಿನ ರಕ್ತನಾಳ ಮುಚ್ಚಿಕೊಂಡು ಬೆರಳು ಬಿಳಿಚಿಕೊಳ್ಳುವುದನ್ನು ಫ್ರಾನ್ಸಿನ ಮೋರಿಸ್ ರೇನೋ 1862ರಲ್ಲೇ ವಿವರಿಸಿದ್ದ. ಅದಕ್ಕೂ ಯಂತ್ರಕ್ಕೂ ಇರುವ ನಂಟನ್ನು 1911ರಲ್ಲಿ ಇಟಲಿಯ ಲೊರಿಗಾ ಗುರುತಿಸಿದರು. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಬೆಡ್‌ಫರ್ಡ್‌ನ ಸುಣ್ಣಕಲ್ಲು ಕೆತ್ತುವವರನ್ನು ಚಳಿಗಾಲದಲ್ಲಿ ಪರೀಕ್ಷಿಸಿದರು. ಉಳಿ ಹಿಡಿಯುವ ಎಡಗೈಯ ಬೆರಳುಗಳೇ ಹೆಚ್ಚು ಬಿಳಿಚಿಕೊಂಡಿದ್ದವು.

ನೋವನ್ನು ಅಂಕಿಯಾಗಿಸಲು ಇನ್ನೂ ದಶಕಗಳು ಬೇಕಾದವು. ಐಎಸ್‌ಒ 5349 ಎಂಬ ಅಂತಾರಾಷ್ಟ್ರೀಯ ಮಾನದಂಡ ಬಂದದ್ದು 1986ರಲ್ಲಿ. 2001ರಲ್ಲಿ ಅದು ಪರಿಷ್ಕೃತವಾಯಿತು. ಹಿಡಿಕೆಗೆ ಸಣ್ಣ ಸಂವೇದಕ ಕಟ್ಟಿ, ಮೂರು ದಿಕ್ಕುಗಳ ಕಂಪನದ ವೇಗೋತ್ಕರ್ಷ ಅಳೆದು, ಅದನ್ನು ಎಂಟು ಗಂಟೆಯ ದಿನಕ್ಕೆ ಹೊಂದಿಸುತ್ತಾರೆ. ಯುರೋಪಿನ 2002ರ ನಿರ್ದೇಶನದಲ್ಲಿ ದಿನದ ಮಿತಿ 5 ಮೀಟರ್ ಪ್ರತಿ ಸೆಕೆಂಡ್ ವರ್ಗ. ಎಚ್ಚರಿಕೆಯ ಗೆರೆ 2.5. ಕಂಪನ ಇಮ್ಮಡಿಯಾದರೆ ಹಿಡಿಯಬಹುದಾದ ಸಮಯ ಕಾಲು ಭಾಗಕ್ಕೆ ಇಳಿಯುತ್ತದೆ. 10ರ ಯಂತ್ರಕ್ಕೆ ಎರಡು ಗಂಟೆಯಾದರೆ, 20ರ ಯಂತ್ರಕ್ಕೆ ಅರ್ಧ ಗಂಟೆ ಮಾತ್ರ.

ನಮ್ಮಲ್ಲಿ ಅಳತೆ ಬೇರೆ ದಾರಿ ಹಿಡಿಯಿತು. ಕೋಲಾರದ ಚಿನ್ನದ ಗಣಿಯಲ್ಲಿ ಶ್ವಾಸಕೋಶ ಸೇರಿದ ಕಲ್ಲುದೂಳು 1940ರ ದಶಕದಲ್ಲೇ ತನಿಖೆಗೆ ಒಳಗಾಯಿತು. ಅದೇ ಡ್ರಿಲ್ಲು ದೂಳನ್ನೂ ಎಬ್ಬಿಸುತ್ತಿತ್ತು, ಕೈಯನ್ನೂ ನಡುಗಿಸುತ್ತಿತ್ತು. 1948ರ ಕಾರ್ಖಾನೆ ಕಾಯಿದೆಯ ರೋಗಪಟ್ಟಿ 29ಕ್ಕೆ ಬೆಳೆದು, ದೂಳಿನ ಸಿಲಿಕೋಸಿಸ್ ಜೊತೆ ಸದ್ದಿನಿಂದಾಗುವ ಕಿವುಡೂ ಅದರಲ್ಲಿ ಸೇರಿತು. ಕಂಪನದ ಕಾಯಿಲೆ ಸೇರಲಿಲ್ಲ.

ಇದಕ್ಕೆ ಹವೆಯೂ ಒಂದು ಕಾರಣವಿರಬಹುದು. ಬೆರಳು ಬಿಳಿಚಲು ಚಳಿ ಬೇಕು. ಪಾವಗಡದ ಬಿಸಿಲಿನಲ್ಲಿ, ಕಪ್ಪು ಬಣ್ಣದ ಕೈಯಲ್ಲಿ, ಆ ಗುರುತು ಸುಲಭಕ್ಕೆ ಕಾಣುವುದಿಲ್ಲ. ಆದರೆ ನರ ಬಿಸಿಲು ನೋಡಿ ಬಿಡುವುದಿಲ್ಲ. ಕೈ ಜೋಮು ಹಿಡಿಯುತ್ತದೆ, ಅಂಗಿಯ ಗುಂಡಿ ಹಾಕಲು ಬೆರಳು ಬಗ್ಗುವುದಿಲ್ಲ. ಬೆರಳು ಬಿಳಿಚುವುದನ್ನಷ್ಟೇ ಹುಡುಕುವ ವೈದ್ಯನಿಗೆ ಇಲ್ಲಿ ರೋಗವೇ ಇಲ್ಲವೆನಿಸಬಹುದು.

ಈ ನಾಲ್ಕೂ ತಾಲ್ಲೂಕು ಬರದ ಸೀಮೆ. ನೀರು ಕೆಳಗಿಳಿದಂತೆ ಬಾವಿಯ ತಳದ ಬಂಡೆಗೆ ಕುಳಿ ಹೊಡೆಯಬೇಕು. ಆ ಕೆಲಸದ ಕೂಲಿ ಅಡಿಯ ಲೆಕ್ಕದಲ್ಲಿ; ಕಲ್ಲು ಗಟ್ಟಿಯಿದ್ದಷ್ಟೂ ಅದೇ ಅಡಿಗೆ ಹೆಚ್ಚು ಹೊತ್ತು ಯಂತ್ರ ಹಿಡಿಯಬೇಕು. ಅಂದರೆ ಕೂಲಿ ಅಷ್ಟೇ, ನಡುಕ ಹೆಚ್ಚು. ದುಬಾರಿ ಉಪಕರಣವಿಲ್ಲದೆಯೂ ಇದರ ಅರ್ಧ ಲೆಕ್ಕ ಇಡಬಹುದು: ಯಾರು, ಯಾವ ಯಂತ್ರವನ್ನು, ಎಷ್ಟು ನಿಮಿಷ ಹಿಡಿದರು ಎಂದು ಬರೆದಿಟ್ಟರೆ ಸಾಕು. ಕೋಟೆ ಕಟ್ಟಿದವರ ಕೈಯ ಚರಿತ್ರೆ ಕಳೆದುಹೋಯಿತು. ಬಾವಿ ತೋಡುವವರದ್ದಾದರೂ ಒಂದು ನೋಟ್‌ಬುಕ್ಕಿನಲ್ಲಿ ಉಳಿಯಲಿ.