ಬಾಯಿಪಾಠದಿಂದ ಮಾತಿನ ಓದಿಗೆ

1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮದರಾಸು ಸರಕಾರಕ್ಕೆ ಕಳಿಸಿದ ವರದಿಯ ಪ್ರಕಾರ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು, ಕಲಿಯುವವರು 6,641 ಮಂದಿ. ಅವುಗಳಲ್ಲಿ ಕನ್ನಡ ಶಾಲೆಗಳು 235. ಜನರ ಬಾಯಲ್ಲಿ ಇಂಥವು ಕೂಲಿಮಠ, ಐಗಳ ಮಠ.

ಮಠ ಬೆಳಗ್ಗೆ ಆರಕ್ಕೇ ಶುರು. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು. ಮಗು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಕೈ ಕುದುರಿದ ಮೇಲೆ ಇದ್ದಿಲು ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಗಳ ಕಡತ, ಬಳಪ. ಹಿರಿಯ ಹುಡುಗರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಈ ಪದ್ಧತಿಯನ್ನು ಇಂಗ್ಲೆಂಡ್ ಅನುಕರಿಸಿದ್ದು ಸರಿಯೇ ಎಂದು ಕ್ಯಾಂಪ್‌ಬೆಲ್ ಮೆಚ್ಚಿದ.

ಅವನ ಆಕ್ಷೇಪ ಬೇರೆ ಕಡೆ ಇತ್ತು. ಹುಡುಗರು ಓದುತ್ತಿದ್ದ ಕಾವ್ಯದ ಭಾಷೆ ಅವರಿಗೂ ತಿಳಿಯದು, ಕಲಿಸುವ ಐಗಳಿಗೂ ತಿಳಿಯದು. ಆಕ್ಷೇಪ ನ್ಯಾಯವಾದದ್ದೇ. ಮನೆಯ ಹಾಲು ಹಳೆಯ ಕಾವ್ಯದಲ್ಲಿ ಪಾಲ್, ಹುಲಿ ಪುಲಿ. ಶಬ್ದಸಂಪತ್ತಿಗೆಂದು ಇದ್ದದ್ದು ಅಮರಕೋಶ ಮತ್ತಿತರ ನಿಘಂಟುಗಳು. ವಾರಿ, ಸಲಿಲ, ತೋಯ, ಉದಕ ಎಂದು ತಡವರಿಸದೆ ಒಪ್ಪಿಸಿದ ಹುಡುಗ ಬಾಯಾರಿದಾಗ ಕೇಳುತ್ತಿದ್ದದ್ದು ನೀರನ್ನೇ. ಪಂಡಿತನಾಗುವವನಿಗೆ ಈ ಗಟ್ಟಿಪಾಠ ಮುಂದೆ ಒದಗಿಬರುತ್ತಿತ್ತು. ನಡುವೆ ಮಠ ಬಿಟ್ಟವನಿಗೆ ಉಳಿಯುತ್ತಿದ್ದದ್ದು ರಾಗವಷ್ಟೇ.

ಆಡುವ ಮಾತಿಗೆ ಹತ್ತಿರದ ಓದು ಮಕ್ಕಳ ಕೈಗೆ ಬಂದದ್ದು ಬಹಳ ತಡವಾಗಿ. ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಪಂಜೆ ಮಂಗೇಶರಾಯರು (1874–1937) ಆ ದಾರಿ ತೆರೆದವರಲ್ಲಿ ಪ್ರಮುಖರು. ಅವರ ‘ಹೇನು ಸತ್ತು ಕಾಗೆ ಬಡವಾಯಿತು’ ಸರಪಳಿ ಕಥೆ: ಹೆಜ್ಜೆ ಹೆಜ್ಜೆಗೂ ಹಿಂದಿನದೆಲ್ಲ ಮತ್ತೆ ಬರುತ್ತದೆ. ಮೊದಲ ಸಲ ಎಡವಿದ ಪದ ನಾಲ್ಕನೆಯ ಸಲಕ್ಕೆ ತಾನಾಗಿ ನಾಲಗೆಗೆ ಬರುತ್ತದೆ, ಅರ್ಥವೂ ಕಥೆಯೊಳಗೇ ಸಿಕ್ಕಿರುತ್ತದೆ. ಓದಿನಲ್ಲಿ ಹಿಂದುಳಿದ ಮಗುವಿಗೆ ಇದಕ್ಕಿಂತ ಒಳ್ಳೆಯ ಪದಕೋಶ ಸಿಗುವುದು ಕಷ್ಟ. 1936ರಲ್ಲಿ ಶಿವರಾಮ ಕಾರಂತರ ಮಕ್ಕಳ ವಿಶ್ವಕೋಶ ‘ಬಾಲಪ್ರಪಂಚ’ ಬಂತು, ಸ್ವಾತಂತ್ರ್ಯದ ನಂತರ ಮಕ್ಕಳ ಮಾಸಿಕ ‘ಚಂದಮಾಮ’.

ಸರಕಾರಿ ಶಾಲೆಯ ತರಗತಿಯೇ ಬದಲಾದದ್ದು 1995ರ ಹೊತ್ತಿಗೆ, ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ–ಕಲಿಯಿಂದ. ಅಲ್ಲಿ ಮಕ್ಕಳು ಗುಂಪಾಗಿ ಕೂತು, ಕಲಿಕಾ ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಓದುತ್ತಾರೆ. ಮುಂದಿರುವ ಮಗು ಹಿಂದಿರುವ ಮಗುವಿಗೆ ಹೇಳಿಕೊಡುತ್ತದೆ; ಕೂಲಿಮಠದ ಈ ಒಂದು ರೂಢಿ ಮಾತ್ರ ಹಾಗೇ ಉಳಿದಿದೆ.