ಒಂದು ಹಿಡಿ ಚಟ್ನಿಯ ಇತಿಹಾಸ: ಒಳ್ಳಿನಿಂದ ಪುಟ್ಟ ಮಿಕ್ಸರ್‌ವರೆಗೆ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಊರುಗಳಲ್ಲಿ ಸುದ್ದಿಗಾಗಿ ತಿರುಗುವಾಗ ನಾವು ಒಂದು ಸಂಗತಿ ಗಮನಿಸಿದ್ದೇವೆ. ಹಳೆಯ ಬೀಸುಕಲ್ಲು ಹಿತ್ತಲಲ್ಲಿ ಮಳೆಗೆ ನೆನೆಯುತ್ತ ಬಿದ್ದಿರುತ್ತದೆ. ಒಳಗೆ ಅಡುಗೆಮನೆಯ ಕಟ್ಟೆ ಮೇಲೆ ಚೊಂಬಿನಷ್ಟೇ ದೊಡ್ಡದಾದ ಮಿಕ್ಸರ್ ಕೂತಿರುತ್ತದೆ. ಇವೆರಡರ ನಡುವಿನ ಕಥೆಯನ್ನು ಯಾರೂ ಬರೆದಿಡುವುದಿಲ್ಲ. ಏಕೆಂದರೆ ಅದು ಹೆಣ್ಣುಮಕ್ಕಳ ಕೆಲಸದ ಕಥೆ.

ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರು (1819-1889) ನಮಗೆ ಇದರ ಒಂದು ಸುಳಿವು ಕೊಡುತ್ತಾರೆ. ಕೋಳಿಯು ಕೋಡಗನನ್ನು ನುಂಗುವ ಅವರ ಪದ ನಿಮಗೆಲ್ಲ ಗೊತ್ತು. ಅದರಲ್ಲಿ ಒಳ್ಳು, ಒನಕೆ, ಕಲ್ಲು, ಗೂಟ ಎಲ್ಲ ಬರುತ್ತವೆ. ದೊಡ್ಡ ತತ್ವ ಹೇಳಲು ಅವರು ಕಣ್ಣೆದುರಿನ ಅಡುಗೆಮನೆಯ ಸಾಮಾನನ್ನೇ ಬಳಸಿದರು. ಅಂದಿನ ಮನೆಗಳಲ್ಲಿ ಇವು ಇಲ್ಲದೆ ಹಿಟ್ಟಿಲ್ಲ, ಖಾರವಿಲ್ಲ.

ಕೋಳಿ ಕೂಗುವ ಮುಂಚೆ ಎದ್ದು ಜೋಳ ಬೀಸಬೇಕು, ಆಮೇಲೆ ರೊಟ್ಟಿ ಬಡಿಯಬೇಕು, ನಂತರ ಹೊಲಕ್ಕೆ ಹೋಗಬೇಕು. ಆ ದಣಿವು ಮರೆಯಲೆಂದೇ ಬೀಸುವ ಪದಗಳು ಹುಟ್ಟಿದವು. ವಿಜಯಪುರ ಸೀಮೆಯ ಹಲಸಂಗಿ ಗೆಳೆಯರು ಹೆಂಗಸರ ಬಾಯಲ್ಲಿದ್ದ ಇಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕ ತಂದರು. ಹಾಡು ಚೆಂದ, ನಿಜ. ಆದರೆ ಹಾಡಿನ ಹಿಂದೆ ನೋಯುವ ರಟ್ಟೆ ಇತ್ತು ಎಂಬುದನ್ನು ನಾವು ಮರೆಯಬಾರದು.

ಮೊದಲ ಬಿಡುಗಡೆ ಕೊಟ್ಟದ್ದು ಗಿರಣಿ. ಎಷ್ಟೋ ಊರುಗಳಲ್ಲಿ ಕರೆಂಟಿಗಿಂತ ಮೊದಲೇ ಎಂಜಿನ್ ಗಿರಣಿ ಬಂತು. ಜೋಳ, ಗೋಧಿ, ವರ್ಷದ ಖಾರದಪುಡಿ ಗಿರಣಿಗೆ ಹೋದವು. ಆದರೆ ಗಿರಣಿಗೆ ಸೇರುಗಟ್ಟಲೆ ಒಣ ಕಾಳು ಬೇಕು. ಒಂದು ಹಿಡಿ ಶೇಂಗಾ, ನಾಲ್ಕು ಹಸಿಮೆಣಸಿನಕಾಯಿ, ಒಂದು ಹೋಳು ಕೊಬ್ಬರಿ ಹಿಡಿದುಕೊಂಡು ಯಾರು ಗಿರಣಿಗೆ ಹೋಗುತ್ತಾರೆ? ಹಾಗಾಗಿ ಗುರೆಳ್ಳು ಚಟ್ನಿ, ಅಗಸಿ ಹಿಂಡಿ, ರಂಜಕ, ದಿನದ ಮಸಾಲಿ ಎಲ್ಲ ಕಲ್ಲಿನ ಮೇಲೆಯೇ ಉಳಿದವು. ದೊಡ್ಡ ಕೆಲಸ ಮೊದಲು ಹಗುರವಾಯಿತು. ದಿನಾ ಮಾಡುವ ಸಣ್ಣ ಕೆಲಸ ಕಡೆಗೆ ಉಳಿಯಿತು.

ಅದಕ್ಕೂ ಯಂತ್ರ ಇರಲಿಲ್ಲವೆಂದಲ್ಲ. ಅಮೆರಿಕದಲ್ಲಿ 1922ರಲ್ಲೇ ಸ್ಟೀಫನ್ ಪೊಪ್ಲಾವ್‌ಸ್ಕಿ ಎಂಬಾತ ಹಾಲಿನ ಪಾನೀಯ ಕಲಸಲು ಬ್ಲೆಂಡರ್ ಮಾಡಿದ್ದ. ಆದರೆ ಹಾಲು ಕಲಸುವ ಮೋಟರು ಅರಿಷಿಣ, ಉದ್ದಿನಬೇಳೆ ತಡೆಯಬೇಕಲ್ಲ! ಮುಂಬೈಯಲ್ಲಿ ಮಾಧುರಿ ಮಾಥುರ್ ಅವರ ಜರ್ಮನ್ ಮಿಕ್ಸರ್ ಕೆಟ್ಟಿತು. ಅವರ ಪತಿ, ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್, ನಮ್ಮ ಅಡುಗೆಗೆ ತಡೆಯುವ ಮಿಕ್ಸರ್ ರೂಪಿಸಿದರು. 1963ರಲ್ಲಿ ಅದು ‘ಸುಮೀತ್’ ಎಂಬ ಹೆಸರಿನಿಂದ ಬಂತು.

ಯಂತ್ರ ಬಂದರೂ ಹಳ್ಳಿಗೆ ಬರಲಿಲ್ಲ, ಏಕೆಂದರೆ ಕರೆಂಟು ಬರಲಿಲ್ಲ. 1979-80ರಲ್ಲಿ ಶುರುವಾದ ಭಾಗ್ಯಜ್ಯೋತಿ ಬಡವರ ಮನೆಗೆ ಕೊಟ್ಟದ್ದು ಒಂದೇ ಬಲ್ಬು. ಅದರಲ್ಲಿ ಮಿಕ್ಸರ್ ಮಾತೇ ಇಲ್ಲ. ಮುಂದೆ ನಿರಂತರ ಜ್ಯೋತಿ ಯೋಜನೆ ಪಂಪ್‌ಸೆಟ್ಟಿನ ಲೈನನ್ನೂ ಮನೆಯ ಲೈನನ್ನೂ ಬೇರೆ ಮಾಡಿತು. 2023ರ ಜುಲೈಯಿಂದ ಗೃಹಜ್ಯೋತಿ ಬಂತು. ನಮ್ಮ ಲೆಕ್ಕದಲ್ಲಿ ಚಟ್ನಿಯ ಇತಿಹಾಸವೆಂದರೆ ಅರ್ಧ ಕರೆಂಟಿನ ಇತಿಹಾಸವೇ.

ಈಗ ಪುಟ್ಟ ಮಿಕ್ಸರ್ ವಿಷಯಕ್ಕೆ ಬರೋಣ. 300 ವ್ಯಾಟಿನದನ್ನು ದಿನಕ್ಕೆ 10 ನಿಮಿಷ ಓಡಿಸಿದರೂ ತಿಂಗಳಿಗೆ ಸುಮಾರು ಒಂದೂವರೆ ಯೂನಿಟ್ ಅಷ್ಟೇ. ದೊಡ್ಡ ಜಾರಿನಲ್ಲಿ ಒಂದು ಹಿಡಿ ಹಾಕಿದರೆ ಬ್ಲೇಡಿಗೆ ಸಿಗದೆ ಗೋಡೆಗೆ ಅಂಟುತ್ತದೆ. ಸಣ್ಣ ಜಾರಿನಲ್ಲಿ ಅದೇ ಸರಿಯಾಗಿ ನುಣ್ಣಗಾಗುತ್ತದೆ. ಆದರೆ ಮೂರು ಮಾತು ನೆನಪಿಡಿ. ಒಂದೇ ಸಮ ಓಡಿಸಬೇಡಿ. ಅರ್ಧ ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ. ಬಿಸಿ ಸಾರು, ಬಿಸಿ ಬೇಳೆ ಹಾಕಬೇಡಿ. ಮುಚ್ಚಿದ ಜಾರಿನಲ್ಲಿ ಹಬೆ ತುಂಬಿ ಸಿಡಿಯುತ್ತದೆ. ಬ್ಲೇಡು ತೊಳೆಯುವ ಮೊದಲು ಪ್ಲಗ್ ಕೀಳಿ. ದೋಸೆ ಹಿಟ್ಟು, ವರ್ಷದ ಖಾರದಪುಡಿ ಇದರ ಕೆಲಸವಲ್ಲ. ಅದಕ್ಕೆ ದೊಡ್ಡ ಯಂತ್ರ, ಗಿರಣಿ ಇವೆ.

ಕಲ್ಲಿನ ಚಟ್ನಿಯ ರುಚಿಯೇ ಬೇರೆ ಎನ್ನುವವರು ನಮ್ಮಲ್ಲಿ ಬಹಳ. ನಾವೂ ಹಾಗೆ ಅಂದವರೇ. ಆದರೆ ಹೀಗೆ ಅನ್ನುವವರು ಹೆಚ್ಚಾಗಿ ತಿನ್ನುವವರು, ಅರೆಯುವವರಲ್ಲ. ಮುಂದಿನ ಸಲ ಆ ಮಾತು ಬಾಯಿಗೆ ಬಂದರೆ ಎದ್ದು ಹಿತ್ತಲಿಗೆ ಹೋಗಿ, ಕಲ್ಲು ತೊಳೆದು, ನೀವೇ ಅರೆಯಲು ಕೂಡ್ರಿ. ಇಲ್ಲವಾದರೆ ಜಾರಿಗೆ ಶೇಂಗಾ ಹಾಕಿ ನೀವೇ ಗುಂಡಿ ಒತ್ತಿ. ಒಳ್ಳು ಹೋಗಿ ಮಿಕ್ಸರ್ ಬಂತು. ಅದನ್ನು ಹಿಡಿಯುವ ಕೈ ಮಾತ್ರ ಇನ್ನೂ ಬಹುತೇಕ ಅವ್ವನದೇ.