ಕ್ಯಾಸೆಟ್‌ನಲ್ಲಿ ಬಂದ ಪ್ರಧಾನಿ

1994ರ ಜನವರಿ 26. ನಾವಿಲ್ಲಿ ಗಣರಾಜ್ಯೋತ್ಸವದ ಪರೇಡ್ ನೋಡಿದ ದಿನ, ಇಟಲಿಯ ಟಿವಿ ಚಾನೆಲ್‌ಗಳಿಗೆ ಒಂದು ವಿಡಿಯೋ ಕ್ಯಾಸೆಟ್ ಬಂತು. ಸುಮಾರು 9 ನಿಮಿಷದ್ದು. ಸೂಟು ತೊಟ್ಟು ಕೂತ ಒಬ್ಬ ಮನುಷ್ಯ, ಹಿಂದೆ ಕಪಾಟಿನಲ್ಲಿ ಮನೆಯವರ ಫೋಟೋ. ನನ್ನ ಪ್ರೀತಿಯ ದೇಶಕ್ಕಾಗಿ ಮೈದಾನಕ್ಕೆ ಇಳೀತಿದ್ದೇನೆ ಎಂದರು ಸಿಲ್ವಿಯೋ ಬೆರ್ಲುಸ್ಕೋನಿ. ಮೂರೂವರೆ ತಿಂಗಳಲ್ಲಿ ಅವರು ಪ್ರಧಾನಿ!

ಪ್ರಶ್ನೆ ಕೇಳೋದೇ ಹೊಟ್ಟೆಪಾಡಾದ ನನ್ನಂಥವನಿಗೆ ಕಾಡುವುದು ಆ ಕ್ಯಾಸೆಟ್. ಅದಕ್ಕೆ ಅಡ್ಡಪ್ರಶ್ನೆ ಹಾಕೋದು ಹೇಗೆ ಹೇಳಿ? ನಮ್ಮ ಎಂಜಿಆರ್, ಎನ್‌ಟಿಆರ್ ಕ್ಯಾಮೆರಾದ ಮುಂದೆ ನಿಂತು ಗೆದ್ದವರು. ಈ ಮನುಷ್ಯ ಕ್ಯಾಮೆರಾದ ಮಾಲೀಕ.

ಅವರ ಸಾಮ್ರಾಜ್ಯ ಬೆಳೆದದ್ದೂ ಕ್ಯಾಸೆಟ್‌ನಿಂದಲೇ. ಹರೆಯದಲ್ಲಿ ಪ್ರವಾಸಿ ಹಡಗುಗಳಲ್ಲಿ ಹಾಡುತ್ತಿದ್ದವರು, ಆಮೇಲೆ ಬಿಲ್ಡರ್ ಆದರು. ಮಿಲಾನ್ ಪಕ್ಕದಲ್ಲಿ ಒಂದು ಬಡಾವಣೆ ಕಟ್ಟಿ, ಅಲ್ಲಿನ ಮನೆಗಳಿಗೆ ಕೇಬಲ್ ಚಾನೆಲ್ ಕೊಟ್ಟರು. ಆಗಿನ ಕಾನೂನು ಏನಂದ್ರೆ, ದೇಶಾದ್ಯಂತ ನೇರ ಪ್ರಸಾರ ಸರ್ಕಾರಿ ಸಂಸ್ಥೆ ರಾಯ್‌ಗೆ ಮಾತ್ರ. ಖಾಸಗಿಯವರು ತಂತಮ್ಮ ಊರಿಗಷ್ಟೇ ಸೀಮಿತ. ಬೆರ್ಲುಸ್ಕೋನಿ ಏನು ಮಾಡಿದರು ಗೊತ್ತಾ? ಊರೂರಿನ ಸ್ಟೇಷನ್‌ಗಳಿಗೆ ಒಂದೇ ಕಾರ್ಯಕ್ರಮದ ಟೇಪ್ ಕಳಿಸಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹಾಕಿಸಿದರು. ಕಾಗದದ ಮೇಲೆ ಲೋಕಲ್, ನೋಡುವವರ ಪಾಲಿಗೆ ನ್ಯಾಷನಲ್! 1984ರ ಹೊತ್ತಿಗೆ ಇಂಥ ಮೂರು ಚಾನೆಲ್ ಅವರ ಕೈಲಿದ್ದವು.

ಆ ವರ್ಷ ಅಕ್ಟೋಬರ್‌ನಲ್ಲಿ ರೋಮ್, ಟ್ಯೂರಿನ್, ಪೆಸ್ಕಾರಾದ ನ್ಯಾಯಾಧಿಕಾರಿಗಳು ಇದು ಕಾನೂನುಬಾಹಿರ ಅಂತ ಪ್ರಸಾರ ನಿಲ್ಲಿಸಿದರು. ಪರದೆ ಕಪ್ಪಾಯಿತು. ಜನ ಸಿಡಿದೆದ್ದರು. ಕಾನೂನಿಗಾಗಿ ಅಲ್ಲ ಸ್ವಾಮಿ, ‘ಡಲ್ಲಾಸ್’ ಧಾರಾವಾಹಿ ತಪ್ಪಿಹೋಯ್ತು ಅಂತ, ಮಕ್ಕಳ ಕಾರ್ಟೂನ್ ತಪ್ಪಿಹೋಯ್ತು ಅಂತ. ಅವರ ಗೆಳೆಯ, ಪ್ರಧಾನಿ ಕ್ರಾಕ್ಸಿ ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆ ತಂದು ಚಾನೆಲ್‌ಗಳನ್ನು ಉಳಿಸಿದರು. ವೀಕ್ಷಕನನ್ನು ಮತದಾರನನ್ನಾಗಿ ಮಾಡಬಹುದು ಎಂಬ ಪಾಠ ಅವತ್ತೇ ಸಿಕ್ಕಿತ್ತು ಅಂತ ನನಗನಿಸುತ್ತೆ.

1992ರಲ್ಲಿ ಲಂಚದ ತನಿಖೆ ಶುರುವಾಗಿ ಹಳೇ ಪಕ್ಷಗಳು ಒಂದೊಂದಾಗಿ ಕುಸಿದವು, ಕ್ರಾಕ್ಸಿಯೂ ಮುಳುಗಿದರು. ಆ ಖಾಲಿ ಜಾಗಕ್ಕೇ ಬಂದದ್ದು ಕ್ಯಾಸೆಟ್. ಪಕ್ಷ ಕಟ್ಟಿದ್ದು ಅವರ ಜಾಹೀರಾತು ಕಂಪನಿಯ ಸಿಬ್ಬಂದಿ. ಪಕ್ಷದ ಹೆಸರು ‘ಫೋರ್ಜಾ ಇಟಾಲಿಯಾ’, ಫುಟ್‌ಬಾಲ್ ಅಭಿಮಾನಿಗಳ ಘೋಷಣೆ; ಎಸಿ ಮಿಲಾನ್ ಕ್ಲಬ್ ಹೇಗೂ ಅವರದೇ. ಮತದಾನಕ್ಕೆ ಕೆಲವೇ ದಿನ ಮೊದಲು ಎಡಪಕ್ಷದ ನಾಯಕ ಒಕ್ಕೆಟ್ಟೋ ಜೊತೆ ಚರ್ಚೆ ನಡೆದದ್ದು ಕೂಡ ಅವರದೇ ಚಾನೆಲ್‌ನಲ್ಲಿ! ನಡುವೆ ಕೂತಿದ್ದ ಆ್ಯಂಕರ್‌ಗೆ ಸಂಬಳ ಯಾರದು? ಇಬ್ಬರಲ್ಲಿ ಒಬ್ಬರದು.

ಮೊದಲ ಸರ್ಕಾರ ಎಂಟು ತಿಂಗಳೂ ಬಾಳಲಿಲ್ಲ. 2001ರಲ್ಲಿ ಮತ್ತೆ ಗೆದ್ದರು. ಖಾಸಗಿ ಚಾನೆಲ್ ಸ್ವಂತದ್ದು, ಸರ್ಕಾರಿ ರಾಯ್ ಮೇಲೂ ಈಗ ಅಧಿಕಾರದ ನೆರಳು. 2002ರ ಏಪ್ರಿಲ್‌ನಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ನಿಂತು, ರಾಯ್‌ನ ಮೂವರ ಹೆಸರು ಹೇಳಿ, ಸಾರ್ವಜನಿಕ ಟಿವಿಯನ್ನು ದುರ್ಬಳಕೆ ಮಾಡಿದ್ದಾರೆ ಎಂದು ಗುಡುಗಿದರು. ಒಬ್ಬರು ಪತ್ರಕರ್ತ ಸಾಂಟೋರೋ, ಇನ್ನೊಬ್ಬರು ಹಾಸ್ಯನಟ ಲುಟ್ಟಾಜಿ. ಮೂರನೆಯವರು 81 ವರ್ಷದ ಹಿರಿಯ ಪತ್ರಕರ್ತ ಎಂಜೋ ಬಿಯಾಜಿ. ಮೂವರ ಕಾರ್ಯಕ್ರಮಗಳೂ ಪರದೆಯಿಂದ ಮಾಯವಾದವು.

2006ರಲ್ಲಿ ಬೆರ್ಲುಸ್ಕೋನಿ ಸೋತರು. ಮರುವರ್ಷ ಬಿಯಾಜಿ ರಾಯ್ ಪರದೆಗೆ ವಾಪಸ್ ಬಂದರು, 86ನೇ ವಯಸ್ಸಿನಲ್ಲಿ. ಅದೇ ನವೆಂಬರ್‌ನಲ್ಲಿ ತೀರಿಕೊಂಡರು. 2008ರಲ್ಲಿ ಬೆರ್ಲುಸ್ಕೋನಿ ಮತ್ತೆ ಪ್ರಧಾನಿಯಾದರು.